ಅವೊರೀತಾ ಅಂದರೆ ಯಾವಾಗ?

ನಮ್ಮ ಲರೇಡೊದ ಸ್ಪ್ಯಾನಿಷಿನಲ್ಲಿ ‘ಅವೊರೀತಾ’ ಅಂದರೆ ಈಗ. ಈಗ ಅಂದರೆ ಯಾವಾಗ ಅಂತ ಮಾತ್ರ ಯಾರನ್ನೂ ಕೇಳಬೇಡಿ. ನಲ್ಲಿ ರಿಪೇರಿಯವನು ಅವೊರೀತಾ ಬಂದೆ ಅಂದರೆ ಮನೆಯ ಬಕೆಟ್ಟುಗಳಲ್ಲೆಲ್ಲ ನೀರು ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮತ್ತೆ ಅವೊರೀತಾ ಹೊರಟೆ ಅಂದರೆ ಇನ್ನೊಂದು ಸಲ ಕಾಫಿಗೆ ಇಡಬೇಕು. ನನ್ನ ಗಂಡ ಮದುವೆಗೆ ಮುಂಚೆ ‘ಅವೊರೀತಾ ಒಂದು ಮನೆ ಕಟ್ಟಿಸೋಣ’ ಅಂದಿದ್ದ. ಪುಣ್ಯಾತ್ಮ ಇನ್ನೂ ಆಡಿದ ಮಾತಿಗೆ ತಪ್ಪಿಲ್ಲ, ಅದನ್ನೇ ಹೇಳುತ್ತಿದ್ದಾನೆ. ಹುಟ್ಟಿದಾಗಿನಿಂದ ಈ ಪದದ ಜೊತೆ ಏಗಿದವಳು ನಾನು. ಆದರೂ ಈ ಒಂದು ಪದ ಒಬ್ಬ ಹೆಂಗಸನ್ನು ಹತ್ತು ವರ್ಷ ಜೈಲಿಗೆ ಹಾಕಬಹುದು ಅಂತ ದೋನ್ಯಾ ಎಲೋದಿಯಾ ಸಿಗುವವರೆಗೆ ನನಗೂ ಹೊಳೆದಿರಲಿಲ್ಲ.

ನಾನು ವಕೀಲೆ, ಹೆಸರು ಗ್ರಿಸೆಲ್ದಾ. ವಕೀಲರನ್ನು ಇಟ್ಟುಕೊಳ್ಳಲು ಕೈಲಾಗದವರಿಗೆ ಫೆಡರಲ್ ಕೋರ್ಟು ತಾನೇ ಒಬ್ಬರನ್ನು ಗೊತ್ತುಮಾಡಿ ಕೊಡುತ್ತದೆ. ಹಾಗೆ ಗೊತ್ತಾಗುವವರಲ್ಲಿ ನಾನೂ ಒಬ್ಬಳು. ಎರಡು ದೇಶಗಳ ನಡುವೆ ಹರಿಯುವ ನದಿಗೆ ಸೇತುವೆ ಇರುವ ಗಡಿ ಊರು, ನನ್ನ ಕೆಲಸಕ್ಕೆ ಬರವಿಲ್ಲ. ಕಾರಿನಲ್ಲಿ ಮಾದಕ ಸಾಮಾನು ಅಡಗಿಸಿಕೊಂಡು ನದಿಯ ಆ ಕಡೆಯಿಂದ ಈ ಕಡೆಗೆ ತಂದ ಕೇಸು ನಮ್ಮಲ್ಲಿ ದಿನಾ ಬೆಳಗಾದರೆ ಒಂದು ಇದ್ದೇ ಇರುತ್ತದೆ. ಬಂದವರೆಲ್ಲ ‘ನಂಗೇನೂ ಗೊತ್ತಿರ್ಲಿಲ್ಲ’ ಅನ್ನುತ್ತಾರೆ. ಅವರಲ್ಲಿ ಬಹಳ ಮಂದಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಕಾನೂನೂ ಕೇಳುವುದು ಅದೊಂದನ್ನೇ: ಗೊತ್ತಿತ್ತೋ, ಇಲ್ಲವೋ? ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು, ಅದು ಅನುಮಾನಕ್ಕೆ ಎಡೆಯಿಲ್ಲದ ಹಾಗೆ.

ದೋನ್ಯಾ ಎಲೋದಿಯಾರನ್ನು ಮೊದಲು ನೋಡಿದ್ದು ಜೈಲಿನ ಭೇಟಿ ಕೋಣೆಯಲ್ಲಿ. ಅರವತ್ತು ದಾಟಿದ, ಕುಳ್ಳಗೆ ದುಂಡಗಿರುವ ಹೆಂಗಸು. ಜೈಲಿನವರು ಕೊಟ್ಟ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು, ಮದುವೆ ಮನೆಯಲ್ಲಿ ಅಡುಗೆಗೆ ನಿಂತವರ ಹಾಗೆ ಕಾಯುತ್ತಿದ್ದರು.

“ನೀನೇನಮ್ಮ ನನ್ನ ಲಾಯರು?”

“ಹೌದು ದೋನ್ಯಾ,” ಅಂದೆ. ಹಿರಿಯ ಹೆಂಗಸರನ್ನು ನಮ್ಮಲ್ಲಿ ಹಾಗೇ ಕರೆಯುವುದು.

“ಅಯ್ಯೋ ದೇವರೇ, ಕಡ್ಡಿ ಹಂಗಿದ್ದೀಯಲ್ಲೇ! ನೀನು ಬಿಡಿಸ್ತೀಯಾ ನನ್ನ?”

“ಇಲ್ಲಿ ತೂಕ ನೋಡಿ ಬಿಡಲ್ಲ. ಏನು ನಡೀತು ಹೇಳಿ.”

“ನಡೆಯೋದೇನು? ಒಲೆ ಮೇಲೆ ಕಾಳಿಟ್ಟು ಬಂದಿದೀನಿ. ಇನ್ನೂ ಉಪ್ಪು ಹಾಕಿಲ್ಲ. ಮೊದಲೇ ಹಾಕಿದ್ರೆ ಬೇಯಲ್ಲ ಕಣೆ, ಕಲ್ಲಾಗಿಬಿಡುತ್ತೆ. ‘ಕಾಳು ನೋಡ್ಕೋ, ಉಪ್ಪು ಮುಟ್ಬೇಡ, ನಾನು ಬಂದು ಹಾಕ್ತೀನಿ’ ಅಂತ ಮುದುಕಂಗೆ ಹೇಳಿ ಬಂದಿದೀನಿ. ಬೇಗ ಬಿಡಿಸು.”

“ಆಮೇಲೆ?”

“ಆಮೇಲೇನು? ಅವೊರೀತಾ ಬಂದೆ ಅಂತ ಹೇಳಿ ಕಾರ್ ಹತ್ತಿದೆ.”

ಕಾಳು, ಉಪ್ಪು, ಮುದುಕನ ಮಂಡಿ ನೋವು ಎಲ್ಲ ಕೇಳಿಸಿಕೊಂಡ ಮೇಲೆ ನನಗೆ ದಕ್ಕಿದ ಕಥೆ ಇಷ್ಟು. ಆಕೆಯ ಮನೆ ನದಿಯ ಆ ಕಡೆ, ನ್ಯೂವೊ ಲರೇಡೊದಲ್ಲಿ. ಗಂಡ ದೋನ್ ಕಾಸ್ತುಲೊ ರೈಲ್ವೆಯಲ್ಲಿ ದುಡಿದು ನಿವೃತ್ತಿಯಾದವರು. ಒಂದು ಮಂಡಿ ಕೈಕೊಟ್ಟಿದೆ, ಒಂದು ಕಿವಿ ಕೇಳಿಸದು. ಸೇತುವೆ ದಾಟುವ ಕಾರ್ಡು ಆಕೆಗಿತ್ತು, ಅವರಿಗಿರಲಿಲ್ಲ. ಕೋಳಿ ಕಾಲು ಈ ಕಡೆ ಅಗ್ಗ ಅಂತ ಆಕೆ ವಾರಕ್ಕೊಮ್ಮೆ ತಮ್ಮ ಹಳೇ ಕಾರಿನಲ್ಲಿ ಬಂದುಹೋಗುತ್ತಿದ್ದರು. ಬಾಗಿಲ ಗಾಜು ಇಳಿಸುವಾಗ ಕಿರ್ರೋ ಅನ್ನುತ್ತದೆ ಅಂತ ಕಾರನ್ನು ಓಣಿಯ ಮೆಕ್ಯಾನಿಕ್ ತೀತೊ ಹತ್ತಿರ ಬಿಟ್ಟರಂತೆ. ಅವನು ಅವೊರೀತಾ ಕೊಡ್ತೀನಿ ಅಂತ ಇಟ್ಟುಕೊಂಡು, ಕೇಳಿ ಕೇಳಿ ಸಾಕಾದ ಮೇಲೆ ವಾಪಸ್ಸು ಕೊಟ್ಟ. ಈಗ ಗಾಜು ಕಿರ್ರೋ ಅನ್ನುತ್ತಿರಲಿಲ್ಲ, ಯಾಕೆಂದರೆ ಇಳಿಯುತ್ತಲೇ ಇರಲಿಲ್ಲ.

“ಮುಖಕ್ಕೆ ಉಗಿದು ಬಂದೆ ಅವನಿಗೆ. ‘ಗಾಜು ಇಳೀತಿತ್ತಲ್ಲೋ, ಸದ್ದು ನಿಲ್ಸೋ ಅಂದ್ರೆ ಗಾಜನ್ನೇ ನಿಲ್ಸಿದ್ದೀಯಲ್ಲೋ’ ಅಂದೆ. ‘ಇವತ್ತು ಹಿಂಗೇ ಹೋಗ್ಬನ್ನಿ ದೋನ್ಯಾ, ಬಂದ್ಮೇಲೆ ಅವೊರೀತಾ ಸರಿಮಾಡ್ತೀನಿ’ ಅಂದ, ಮನೆಹಾಳ.”

ಗಾಜು ಇಳಿಯದೆ ಇದ್ದುದಕ್ಕೆ ಕಾರಣ ಬಾಗಿಲೊಳಗೆ ಸಾಲಾಗಿ ತುರುಕಿದ್ದ ಪೊಟ್ಟಣಗಳು. ಈ ಕಡೆ ಕೋಳಿ ಅಂಗಡಿಯ ಮುಂದೆ ಯಾರೋ ಅವನ್ನು ಬಿಚ್ಚಿಕೊಳ್ಳುವವರಿದ್ದರು. ತೀತೊ ಅಂಗಡಿಗೆ ಬಾಗಿಲು ಹಾಕಿಕೊಂಡು ಎಲ್ಲಿ ಹೋದನೋ, ಇವತ್ತಿಗೂ ಗೊತ್ತಿಲ್ಲ.

ಸೇತುವೆಯಲ್ಲಿ ಅಧಿಕಾರಿ ಬಾಲ್ದೆಮಾರ್ ಒಚೋವಾ ಗಾಜು ಇಳಿಸಿ ಅಂತ ಸನ್ನೆ ಮಾಡಿದ. ದೋನ್ಯಾ ಬಾಗಿಲನ್ನೇ ತೆಗೆದು ಹೊರಗಿಳಿದು, ತೀತೊಗೆ ಬೈದು ಉಳಿದಿದ್ದನ್ನು ಅವನಿಗೆ ಬೈದರು. ಇಳಿಯದ ಗಾಜು ಅಂದರೆ ಸೇತುವೆಯವರಿಗೆ ಗೊತ್ತಲ್ಲ. ಕಾರನ್ನು ಪಕ್ಕಕ್ಕೆ ಹಾಕಿಸಿ ಬಾಗಿಲು ಬಿಚ್ಚಿದರು. ಮೊದಲ ಪೊಟ್ಟಣ ಎಳೆದು ಕೈಯಲ್ಲಿ ಹಿಡಿದುಕೊಂಡೇ ಬಾಲ್ದೆಮಾರ್ ಸ್ಪ್ಯಾನಿಷಿನಲ್ಲಿ ಕೇಳಿದ: “ಇದು ಇಲ್ಲಿರೋದು ನಿಮಗೆ ಯಾವಾಗ ಗೊತ್ತಾಯ್ತು ಸೆನ್ಯೋರಾ?”

ಆಕೆ ಅಂದರು: “ಅವೊರೀತಾ.”

ಬಾಲ್ದೆಮಾರ್ ಒಳಗೆ ಹೋಗಿ ಇಂಗ್ಲಿಷಿನಲ್ಲಿ ವರದಿ ಬರೆದ: ‘ಸದರಿ ವಿಷಯವು ತನಗೆ ಸ್ವಲ್ಪ ಹೊತ್ತಿನ ಹಿಂದೆಯೇ ತಿಳಿದಿತ್ತೆಂದು ಮಹಿಳೆಯು ಒಪ್ಪಿಕೊಂಡಿರುತ್ತಾರೆ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿ ಕ್ಯಾಮೆರಾ ಉಂಟು, ಆದರೆ ಅದಕ್ಕೆ ಕಣ್ಣಷ್ಟೇ, ಕಿವಿ ಇಲ್ಲ. ಆಕೆಯ ಬಾಯಿಂದ ಬಂದದ್ದು ಬಾಲ್ದೆಮಾರನ ಕಾಗದದ ಮೇಲೆ ಮಾತ್ರ ಉಳಿದಿತ್ತು.

ಸರ್ಕಾರಿ ವಕೀಲ ಹಾಲ್ವರ್ಸನ್ ಉತ್ತರದ ಚಳಿನಾಡು ಮಿನ್ನೆಸೋಟಾದ ಹುಡುಗ. ಒಳ್ಳೆಯವನೇ. ನಮ್ಮೂರಿನ ಬಿಸಿಲಿಗೆ ಮೂಗು ಸುಲಿದುಕೊಂಡು, ಯಾರ ಮೇಲೂ ದೂರಿಲ್ಲದೆ ಓಡಾಡುವವನು. ಮೂರು ಗಂಟೆಗೆ ಅಂದರೆ ಮೂರು ಗಂಟೆಗೇ ಬರುತ್ತಾನೆ, ಪಾಪ, ಆಮೇಲೆ ಒಬ್ಬನೇ ಕೂತಿರುತ್ತಾನೆ. ಅವನು ನನ್ನನ್ನು ಕರೆದು, ತಪ್ಪೊಪ್ಪಿಕೊಂಡರೆ ನಾಲ್ಕು ವರ್ಷಕ್ಕೆ ಮುಗಿಸಬಹುದು, ವಿಚಾರಣೆಯಲ್ಲಿ ಸೋತರೆ ಹತ್ತಕ್ಕೆ ಕಡಿಮೆಯಿಲ್ಲ ಅಂದ. ಅದನ್ನು ಕಕ್ಷಿಗಾರಳಿಗೆ ಮುಟ್ಟಿಸುವುದು ನನ್ನ ಧರ್ಮ. ಮುಟ್ಟಿಸಿದೆ.

ದೋನ್ಯಾ ಕೇಳಿದರು: “ನಾಲ್ಕು ವರ್ಷಕ್ಕೆ ಅವೊರೀತಾ ಅಂತಾರೇನೇ?”

“ಅನ್ನಲ್ಲ.”

“ಮತ್ತೆ ಮುದುಕಂಗೆ ಏನು ಹೇಳ್ಲಿ? ಅವನು ಅಷ್ಟು ದಿನ ಇರ್ತಾನೇನೇ?”

ಗಂಡ ಈ ಕಡೆ ಬರುವ ಹಾಗಿಲ್ಲ, ಹೆಂಡತಿ ಆ ಕಡೆ ಹೋಗುವ ಹಾಗಿಲ್ಲ. ಫೋನು ಮಾಡಿಸಿದರೆ ಆತ ಕೇಳದ ಕಿವಿಗೆ ಹಿಡಿದುಕೊಂಡು ‘ಯಾರು, ಯಾರು’ ಅಂತ ಕೂಗುತ್ತಿದ್ದರು. “ಇನ್ನೊಂದ್ ಕಿವೀಗಿಡೋ ಮುದಿಯಾ!” ಅಂತ ಈಕೆ ಇಲ್ಲಿಂದ ಕೂಗುತ್ತಿದ್ದರು. ಕಿವಿ ಬದಲಾಗುವಷ್ಟರಲ್ಲಿ ಜೈಲಿನವರು ಕೊಟ್ಟ ಹೊತ್ತು ಮುಗಿಯುತ್ತಿತ್ತು. ಆ ಕರೆಗಳನ್ನೆಲ್ಲ ಸರ್ಕಾರ ಧ್ವನಿಮುದ್ರಿಸಿಕೊಂಡು ಗುಟ್ಟೇನಾದರೂ ಇದೆಯಾ ಅಂತ ಹುಡುಕಿತಂತೆ. ಹುಡುಕಲಿ ಬಿಡಿ. ನಾನಂತೂ ಆ ರಾತ್ರಿ ಮನೆಗೆ ಬಂದು ಗಂಡನ ಮೇಲೆ ವಿನಾಕಾರಣ ರೇಗಿ, ಆಮೇಲೆ ಅತ್ತುಬಿಟ್ಟೆ.

ವಿಚಾರಣೆಗೆ ಮುಂಚೆ ಆಕೆಗೆ ತಾಲೀಮು ಕೊಟ್ಟೆ. ಷರತ್ತು ಒಂದೇ, ಆ ಪದ ಬಾಯಿಗೆ ಬರಕೂಡದು.

“ಯಾವಾಗ ಗೊತ್ತಾಯ್ತು ಅಂತ ಕೇಳಿದ್ರೆ, ‘ಅಧಿಕಾರಿ ಬಾಗಿಲು ಬಿಚ್ಚಿ ತೋರಿಸಿದಾಗ’ ಅನ್ನಿ. ಎಲ್ಲಿ, ಒಂದ್ಸಲ ಹೇಳಿ.”

“ಬಾಯಾರಿದೆ, ನೀರು ಕುಡಿದು ಅವೊರೀತಾ ಹೇಳ್ತೀನಿ.”

“ದೋನ್ಯಾ!”

“ಅಯ್ಯೋ, ಬಂದ್ಬಿಡ್ತಲ್ಲೇ. ತಡಿ, ಅವೊರೀತಾ ಸರಿಯಾಗಿ ಹೇಳ್ತೀನಿ.”

ನಾನು ಹಣೆ ಚಚ್ಚಿಕೊಂಡೆ. ಆಕೆ ನನ್ನ ಕೈ ಹಿಡಿದುಕೊಂಡು, “ಚಚ್ಕೋಬೇಡ ಮಗಾ, ಇರೋದೇ ಒಂದು ತಲೆ, ನನಗೆ ಬೇಕು ಅದು” ಅಂದರು.

ಕೋರ್ಟಿನಲ್ಲಿ ನ್ಯಾಯಾಧೀಶೆ ಪ್ರೂಯಿಟ್. ಆಕೆಯೂ ಉತ್ತರದವರು, ಸ್ಪ್ಯಾನಿಷಿನಲ್ಲಿ ಒಂದು ಕಾಳು ತಿಳಿಯದು. ತೀರ್ಪು ಹೇಳಲು ಆರಿಸಿದ ಹನ್ನೆರಡು ಜನರಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲ ಈ ಊರಿನವರೇ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡಿ ಬೆಳೆದವರು. ಆದರೆ ನಮ್ಮ ಕಾನೂನಿನಲ್ಲಿ ಒಂದು ತಮಾಷೆ ಇದೆ. ಸಾಕ್ಷಿ ಸ್ಪ್ಯಾನಿಷಿನಲ್ಲಿ ಏನೇ ಹೇಳಲಿ, ಕೋರ್ಟಿನ ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ್ದೇ ಪ್ರಮಾಣ. ನಿಮಗೆ ಭಾಷೆ ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಇರತಕ್ಕದ್ದು ಅಂತ ನ್ಯಾಯಾಧೀಶರು ಮೊದಲೇ ತಾಕೀತು ಮಾಡುತ್ತಾರೆ. ಹಾಗಾಗಿ ಆ ಹನ್ನೆರಡು ಜನ ತಾಯಿ ಕಲಿಸಿದ ಮಾತನ್ನು ಬಾಗಿಲಾಚೆ ಚಪ್ಪಲಿಯ ಜೊತೆ ಬಿಟ್ಟವರಂತೆ ಮುಖ ಮಾಡಿಕೊಂಡು ಕೂತಿದ್ದರು.

ಮೊದಲು ಕ್ಯಾಮೆರಾ ಚಿತ್ರ ತೋರಿಸಿದರು. ದೋನ್ಯಾ ಗಾಜಿಗೆ ಗುದ್ದುತ್ತಾರೆ, ಬಾಗಿಲು ತೆಗೆದು ಇಳಿಯುತ್ತಾರೆ, ಕೈ ಬೀಸಿ ಬೀಸಿ ಗಾಜನ್ನೇ ತೋರಿಸುತ್ತಾರೆ. ಬಚ್ಚಿಟ್ಟವಳು ಬಚ್ಚಿಟ್ಟ ಜಾಗವನ್ನೇ ಬೆರಳಿಟ್ಟು ತೋರಿಸುತ್ತಾಳೆಯೇ ಅಂತ ಕೇಳಿದೆ. ಹಾಲ್ವರ್ಸನ್ ಎದ್ದು, ಅದೆಲ್ಲ ನಾಟಕವಿರಬಹುದು, ಆಕೆಯೇ ಒಪ್ಪಿಕೊಂಡ ಮಾತು ವರದಿಯಲ್ಲಿದೆ ಅಂದ. ಸುತ್ತಿ ಬಳಸಿ ಎಲ್ಲವೂ ಆ ಒಂದು ಪದಕ್ಕೇ ಬಂದು ನಿಂತಿತು.

ಬಾಲ್ದೆಮಾರ್ ಸಾಕ್ಷಿಕಟ್ಟೆಗೆ ಬಂದ. ಇಸ್ತ್ರಿ ಮಾಡಿದ ಸಮವಸ್ತ್ರ, ಎಣ್ಣೆ ಹಚ್ಚಿ ಬಾಚಿದ ತಲೆ.

“ನೀವು ಹುಟ್ಟಿ ಬೆಳೆದದ್ದು ಎಲ್ಲಿ, ಆಫೀಸರ್?” ಅಂದೆ.

“ಇಲ್ಲೇ ಮೇಡಂ, ಲರೇಡೊ.”

“ಊಟಕ್ಕೆ ಬಾರೋ ಅಂತ ನಿಮ್ಮಮ್ಮ ಕರೆದ್ರೆ ಏನಂತೀರಿ?”

ಹಾಲ್ವರ್ಸನ್ ಎದ್ದ. “ಆಕ್ಷೇಪಣೆ ಇದೆ. ಅಧಿಕಾರಿಯ ಊಟಕ್ಕೂ ಈ ಕೇಸಿಗೂ ಏನು ಸಂಬಂಧ?”

“ಅನ್ನ ಆರೋದ್ರೊಳಗೆ ಮುಗಿಸ್ತೀನಿ, ಯುವರ್ ಆನರ್.”

ನ್ಯಾಯಾಧೀಶೆ ಕೈಯಾಡಿಸಿ ಮುಂದುವರಿಸಿ ಅಂದರು.

“ಅವೊರೀತಾ ಬಂದೆ ಅಂತೀನಿ,” ಅಂದ ಬಾಲ್ದೆಮಾರ್.

“ಹೋಗೋದು ಯಾವಾಗ?”

“ಟೀವೀಲಿ ಆಟ ಮುಗಿದ್ಮೇಲೆ.”

“ಹಾಗಾದ್ರೆ ಅವೊರೀತಾ ಅಂದ್ರೆ ಮುಂದಿನ ಮಾತು. ನೀವು ಹಿಂದೆ ಅಂತ ಬರೆದಿದೀರಲ್ಲ?”

“ಹಿಂದಿನದಕ್ಕೂ ಅಂತಾರೆ ಮೇಡಂ. ಈಗ ತಾನೇ ಬಂದೋರಿಗೆ ಅವೊರೀತಾ ಬಂದ್ರು ಅಂತೀವಲ್ಲ.”

“‘ಈಗ ತಾನೇ.’ ಅದನ್ನೇ ಬರೀಬಹುದಿತ್ತಲ್ವಾ? ಇಷ್ಟರಲ್ಲಿ ಒಂದನ್ನ ಆರಿಸೋಕೆ ಮುಂಚೆ ಆಕೆಯನ್ನ ಇನ್ನೊಂದು ಮಾತು ಕೇಳಿದ್ರಾ?”

ಅವನ ಕಿವಿ ಕೆಂಪಾಯಿತು. “ಇಲ್ಲ ಮೇಡಂ.”

ನ್ಯಾಯಾಧೀಶೆಗೆ ತಲೆ ಕೆಟ್ಟಿತ್ತು. ದುಭಾಷಿ ಸೆನ್ಯೋರ್ ಬೆನಾವಿದೆಸ್ ಕಡೆ ತಿರುಗಿದರು. ಆತ ಮದುವೆಯಾಗದ ಮುದುಕ, ಮಾತನ್ನು ತಕ್ಕಡಿಯಲ್ಲಿಟ್ಟು ಕೊಡುವವರು.

“ಮಿಸ್ಟರ್ ಬೆನಾವಿದೆಸ್, ಈ ಪದಕ್ಕೆ ಅರ್ಥ ಈಗ ಅಂತಲೋ, ಆಗಲೇ ಅಂತಲೋ, ಆಮೇಲೆ ಅಂತಲೋ?”

ಬೆನಾವಿದೆಸ್ ಯೋಚಿಸಿ ಹೇಳಿದರು: “ಹೌದು, ಯುವರ್ ಆನರ್.”

ಹನ್ನೆರಡು ಜನರೂ ಭಾಷೆ ಗೊತ್ತಿಲ್ಲದವರ ಹಾಗೆ ಸೂರು ನೋಡಿದರು. ಹಿಂದಿನ ಸಾಲಿನ ಒಬ್ಬನಿಗೆ ಕೆಮ್ಮು ಬಂತು. ಆ ಕೆಮ್ಮು ಎಂಥದ್ದು ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ನಕ್ಕಿದ್ದು ಸಾಕು ಅನ್ನುವ ಹಾಗೆ ಹಾಲ್ವರ್ಸನ್ ಸರಿಯಾದ ಮಾತೇ ಆಡಿದ. ಪದಕ್ಕೆ ಮೂರು ಅರ್ಥವಿದ್ದರೆ ಅದರಲ್ಲಿ ‘ಆಗಲೇ’ ಅನ್ನುವುದೂ ಒಂದು. ಆಕೆ ಅದನ್ನೇ ಹೇಳಿರಲಿಕ್ಕಿಲ್ಲ ಅಂತ ಹೇಗೆ ಹೇಳುತ್ತೀರಿ? ಇನ್ನು ಆಕೆಯೇ ಬಾಯಿಬಿಡದೆ ದಾರಿಯಿರಲಿಲ್ಲ. ದೋನ್ಯಾ ಎಲೋದಿಯಾರನ್ನು ಕಟ್ಟೆ ಹತ್ತಿಸಿದೆ.

ನಾನು ಕೇಳಿದ್ದಕ್ಕೆಲ್ಲ ಆಕೆ ಚೆನ್ನಾಗಿಯೇ ಹೇಳಿದರು. ತೀತೊ ಬಗ್ಗೆ ಹೇಳಿದ್ದರಲ್ಲಿ ಅರ್ಧವನ್ನು ಬೆನಾವಿದೆಸ್ ಇಂಗ್ಲಿಷಿಗೆ ತರಲು ಬಹಳ ಕಷ್ಟಪಟ್ಟರು. ಉಪ್ಪಿನ ವಿಷಯ ಬಂದಾಗ ಮುಂದಿನ ಸಾಲಿನ ದಪ್ಪ ಕನ್ನಡಕದ ಹೆಂಗಸು ಹೌದೆನ್ನುವಂತೆ ತಲೆಯಾಡಿಸಿ, ತಕ್ಷಣ ನೆನಪಾಗಿ, ನಿಲ್ಲಿಸಿ, ಬೆನಾವಿದೆಸ್ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಮತ್ತೆ ಆಡಿಸಿದರು.

ಆಮೇಲೆ ಹಾಲ್ವರ್ಸನ್ ಎದ್ದು, ಮೆತ್ತಗೆ, ಮರ್ಯಾದೆಯಿಂದಲೇ ಕೇಳಿದ: “ಬಾಗಿಲಲ್ಲಿ ಮಾದಕ ಇರೋದು ನಿಮಗೆ ಯಾವಾಗ ಗೊತ್ತಾಯ್ತು ಅಮ್ಮಾ?”

ದೋನ್ಯಾ ನನ್ನನ್ನು ನೋಡಿದರು. ಅವನನ್ನು ನೋಡಿದರು. ಬಾಯಿ ತೆರೆದರು.

“ಅವೊರೀತಾ.”

ದೇವರೇ, ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ಬೆನಾವಿದೆಸ್ ಕರವಸ್ತ್ರದಿಂದ ಹಣೆ ಒರೆಸಿಕೊಂಡು “ಈಗ” ಅಂದರು.

“ಈಗ?” ಹಾಲ್ವರ್ಸನ್‌ಗೆ ನಗು ತಡೆಯಲಾಗಲಿಲ್ಲ. “ಅಂದ್ರೆ ಇಲ್ಲಿ ಬಂದು ಕೂತ್ಮೇಲೆ?”

“ಅಲ್ಲಪ್ಪ. ಆ ಹುಡುಗ ಬಾಗಿಲು ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ತೋರಿಸ್ದಾಗ.”

“ಅದಾಗಿ ಬೇಸಿಗೆ ಕಳೆದು ಚಳಿಗಾಲ ಬಂತು. ಅದನ್ನ ಇವತ್ತು ‘ಈಗ’ ಅಂತೀರಾ?”

“ನಿನಗೆ ಬಂದಿರಬೇಕು ಕಣಪ್ಪ ಚಳಿಗಾಲ,” ಅಂದರು ದೋನ್ಯಾ. “ನೀನು ದಿನಾ ಮನೆಗೆ ಹೋಗ್ತೀಯ, ಉಣ್ತೀಯ, ಮಲಗ್ತೀಯ, ಏಳ್ತೀಯ. ನಿನಗೆ ದಿನ ಓಡುತ್ತೆ. ನಾನು ನನ್ನ ಗಂಡನಿಗೆ ಕಾಳು ನೋಡ್ಕೋ, ಉಪ್ಪು ನಾನು ಹಾಕ್ತೀನಿ, ಅವೊರೀತಾ ಬಂದೆ ಅಂತ ಹೇಳಿ ಬಾಗಿಲು ದಾಟಿದೋಳು. ಇನ್ನೂ ವಾಪಸ್ ಹೋಗಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲ ಅವನಿಗೆ ನಾನು. ನಾನು ಹೋಗಿ ಉಪ್ಪು ಹಾಕೋವರ್ಗೂ ನನಗೆ ಇದೆಲ್ಲ ಅವೊರೀತಾನೇ.”

ದುಭಾಷಿಗಳು ಸಾಕ್ಷಿಯ ಬಾಯಾಗಿಯೇ ಮಾತಾಡಬೇಕು ಅನ್ನುವುದು ನಿಯಮ. ಆಕೆ ‘ನಾನು’ ಅಂದರೆ ಅವರೂ ‘ನಾನು’. ಬೆನಾವಿದೆಸ್ ತಮ್ಮ ಬಿಳಿ ಮೀಸೆಯ ಕೆಳಗಿಂದ “ನಾನು ನನ್ನ ಗಂಡನಿಗೆ” ಅಂದಾಗ ಬೇರೆ ದಿನವಾಗಿದ್ದರೆ ಕೋರ್ಟು ಬಿದ್ದು ಬಿದ್ದು ನಗುತ್ತಿತ್ತು. ಅವತ್ತು ಯಾರೂ ನಗಲಿಲ್ಲ. ಆತ ಪೂರ್ತಿ ಹೇಳಿದರು, ಕೊನೆಯ ಅವೊರೀತಾಕ್ಕೆ ಬಂದಾಗ ನಿಂತರು. ನ್ಯಾಯಾಧೀಶೆಯ ಕಡೆ ನೋಡಿ, “ಇದನ್ನ ಇಂಗ್ಲಿಷಿಗೆ ತರೋಕೆ ನನ್ನಿಂದಾಗಲ್ಲ, ಹಾಗೇ ಬಿಡೋಕೆ ಅಪ್ಪಣೆ ಕೊಡಿ” ಅಂದರು.

ಅಪ್ಪಣೆ ಸಿಕ್ಕಿತು. ಹಾಲ್ವರ್ಸನ್ ಇನ್ನೇನೋ ಕೇಳಲು ಹೊರಟವನು ಬಿಟ್ಟು ಕೂತ.

ಹನ್ನೆರಡು ಜನ ಒಳಗೆ ಹೋದರು. ಬಾಗಿಲ ಕಾವಲಿನವನನ್ನು ಯಾವಾಗ ಬರುತ್ತಾರಪ್ಪ ಅಂತ ಕೇಳಿದೆ. “ಅವೊರೀತಾ ಬರ್ತಾರೆ” ಅಂದ. ಮಧ್ಯಾಹ್ನ ಪೂರ್ತಿ ಕೂತೆ. ಉಗುರೆಲ್ಲ ಕಚ್ಚಿ ಮುಗಿದ ಮೇಲೆ ಅವರು ಬಂದರು. ದಪ್ಪ ಕನ್ನಡಕದ ಹೆಂಗಸೇ ಎದ್ದು ನಿಂತು ತೀರ್ಪು ಹೇಳಿದರು: ತಪ್ಪಿತಸ್ಥಳಲ್ಲ. ದೋನ್ಯಾಗೆ ಇಂಗ್ಲಿಷ್ ಬಾರದು, ಬೆನಾವಿದೆಸ್ ಹೇಳುವವರೆಗೆ ಕಾಯಬೇಕು. ಆದರೆ ಆತ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೇ ಆಕೆಯ ಕಿವಿಯಲ್ಲಿ ಹೇಳಿದೆ. “ಕೋಳಿ ಕಾಲು ತಂದಿಡು. ಬರಿಗೈಲಿ ಹೋದ್ರೆ ಮುದುಕ ಬೈತಾನೆ” ಅಂದರು ಆಕೆ, ನನ್ನ ಭುಜಕ್ಕೆ ಮುಖ ಒತ್ತಿಕೊಂಡು.

ಗೆದ್ದರೂ ಕಾರ್ಡು ಹೋಯಿತು. ಆಕೆ ಇನ್ನು ಈ ಕಡೆ ಬರುವಂತಿಲ್ಲ ಅಂತ ವಲಸೆ ಇಲಾಖೆಯವರು ಬರೆದುಕೊಟ್ಟು, ಸೇತುವೆಯ ಬುಡಕ್ಕೆ ತಂದು ಬಿಟ್ಟರು. ನಾನು ಕೋಳಿ ಚೀಲ ಹಿಡಿದು ಕಾಯುತ್ತಿದ್ದೆ. ಅಲ್ಲೇ ಬಾಲ್ದೆಮಾರ್ ನಿಂತಿದ್ದ. ನಮ್ಮನ್ನು ನೋಡಿ ಟೋಪಿ ಸರಿಮಾಡಿಕೊಂಡ.

“ಏನೋ ಹುಡುಗಾ, ಊಟಕ್ಕೆ ಹೋಗಲ್ವೇನೋ? ನಿಮ್ಮಮ್ಮ ಕಾಯ್ತಿರ್ತಾಳೆ!” ಅಂದರು ದೋನ್ಯಾ.

“ಅವೊರೀತಾ ಹೋಗ್ತೀನಿ ದೋನ್ಯಾ,” ಅಂದವನೇ ನಾಲಿಗೆ ಕಚ್ಚಿಕೊಂಡ. ದೋನ್ಯಾ ಅವನ ಕೆನ್ನೆ ತಟ್ಟಿ ಮುಂದೆ ನಡೆದರು. ನಾನೂ ಚೀಲ ಹಿಡಿದು ಅವರ ಜೊತೆ ಸೇತುವೆ ದಾಟಿದೆ.

ಮನೆ ಮುಂದೆ ದೋನ್ ಕಾಸ್ತುಲೊ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದ ಮನೆಯವರಿಗೆ ಫೋನು ಮಾಡಿ ತಿಳಿಸಿದ್ದೆ, ಕ್ಷೌರ ಮಾಡಿಸಿಕೊಂಡಿದ್ದರು. ಬಹಳ ಇಳಿದುಹೋಗಿದ್ದರು, ಅಂಗಿಯ ಕೊರಳುಪಟ್ಟಿ ಸಡಿಲವಾಗಿ ನಿಂತಿತ್ತು. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದರು.

“ಇಷ್ಟು ಬೇಗ ಬಂದ್ಬಿಟ್ಯಾ?”

“ಅವೊರೀತಾ ಅಂದಿದ್ನಲ್ಲ,” ಅಂದರು ದೋನ್ಯಾ. ಅವರನ್ನು ದಾಟಿಕೊಂಡು ಒಳಗೆ ಹೋದರು.

ಒಲೆಯ ಮೇಲೆ ಕಾಳಿನ ಪಾತ್ರೆ ಕುದಿಯುತ್ತಿತ್ತು. ಮುಚ್ಚಳ ತೆಗೆದು, ಸೌಟಿನಲ್ಲಿ ಒಂದಿಷ್ಟು ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದರು.

“ಲೋ ಮುದಿಯಾ! ಉಪ್ಪೇ ಇಲ್ವಲ್ಲೋ ಇದಕ್ಕೆ!”

“ಏನು?” ದೋನ್ ಕಾಸ್ತುಲೊ ಕೇಳುವ ಕಿವಿಯನ್ನು ತಿರುಗಿಸಿದರು.

“ಉಪ್ಪು, ಉಪ್ಪು! ಇಷ್ಟು ದಿನ ಹೆಂಗೆ ತಿಂದೆ?”

“ಸಪ್ಪೇನೇ ತಿಂದೆ,” ಅಂದರು ಆತ. “ಮುಟ್ಬೇಡ, ನಾನು ಬಂದು ಹಾಕ್ತೀನಿ ಅಂದಿದ್ಯಲ್ಲ.”

ದೋನ್ಯಾ ಎಲೋದಿಯಾ ಡಬ್ಬಿಗೆ ಕೈ ಹಾಕಿದರು. ಉಪ್ಪು ಸ್ವಲ್ಪ ಜಾಸ್ತಿಯೇ ಬಿತ್ತು. ಮೂವರೂ ಕೂತು ಉಂಡೆವು, ಯಾರೂ ಅದರ ಮಾತೆತ್ತಲಿಲ್ಲ.